ಸಂಬಂಧದ ಹಾಳೆ

ಹದಿನಾರರ ನಂತರ ಹದಿನೆಂಟು! ನೇಮಕಾತಿ ಕಡತದ ಹದಿನೇಳನೇ ಹಾಳೆಯನ್ನು ಯಾರೋ ಕಿತ್ತುಕೊಂಡಿದ್ದರು.

"ಅದೇ ಮೇಡಂ, ಸಂಬಂಧದ ಹಾಳೆ," ಎಂದ ಗುಮಾಸ್ತ, ಬೆವರೊರೆಸಿಕೊಳ್ಳುತ್ತ.

ಸರ್ಕಾರಿ ಕಾಲೇಜಿನ ನಿಯಮ ಸರಳ. ಆಯ್ಕೆ ಸಮಿತಿಯವರ ನೆಂಟರು ಅರ್ಜಿ ಹಾಕಿದರೆ, ಆ ಸದಸ್ಯರು ಸಂಬಂಧ ಏನೆಂದು ಬರೆದು ಸಹಿ ಹಾಕಿ, ಸಂದರ್ಶನದ ದಿನ ಹೊರಗೆ ಕೂರಬೇಕು. ಹಾಗೇ ಮಾಡಿದ್ದೆ ಎನ್ನುತ್ತಾರೆ ಸಮಿತಿಯಲ್ಲಿದ್ದ ಪ್ರಾಂಶುಪಾಲರು. ಅವರ ಹೆಂಡತಿಯ ಸೋದರಿಯ ಮಗಳು ಉಪನ್ಯಾಸಕಿಯಾಗಿ ಆಯ್ಕೆಯಾಗಿದ್ದಳು. ಸಂಜೆ ಐದರೊಳಗೆ ಹಾಳೆ ಸಿಗದಿದ್ದರೆ ಆ ಹುಡುಗಿಯ ಕೆಲಸ ಹೋಯಿತು.

ಜೊತೆಗೆ ಇಲಾಖೆಗೆ ಒಂದು ಮೂಗರ್ಜಿ, ಟೈಪು ಮಾಡಿದ್ದು: "ದೊಡ್ಡಪ್ಪನ ಕಾಲೇಜಿನಲ್ಲಿ ಹುಡುಗಿಗೆ ಕುರ್ಚಿ! ಸಂಬಂಧದ ಹಾಳೆಯೂ ಇಲ್ಲ!"

ತನಿಖೆ ಸೂಜಿಯದು. ಇಲಾಖೆಯಲ್ಲಿ ಅವಳಿಗೆ ಅದೇ ಹೆಸರು. ನಾವಿಬ್ಬರೂ ಒಂದೇ ದಿನ ಕೆಲಸಕ್ಕೆ ಸೇರಿದವರು; ಈಗ ಅವಳು ಕೇಳುತ್ತಾಳೆ, ನಾನು ಬರೆದುಕೊಳ್ಳುತ್ತೇನೆ. ಹೊಟ್ಟೆಕಿಚ್ಚೇ ಎಂದರೆ — ಹೌದು, ಧಾರಾಳವಾಗಿ ಇದೆ.

"ಬೀರುವಿನ ಬೀಗದ ಕೈ?" ಎಂದಳು.

"ನನ್ನ ಹತ್ರಾನೇ ಇರತ್ತೆ," ಎಂದ ಗುಮಾಸ್ತ. "ಊಟಕ್ಕೆ ಹೋಗುವಾಗ ಮೇಜಿನ ಮೇಲೆ ಬಿಡ್ತೀನಿ. ಆದ್ರೆ ನಾನ್ಯಾಕೆ ಕದೀಲಿ? ಆ ಹುಡುಗಿಗೆ ಚಿಕ್ಕಪ್ಪ ಆದ್ರೂ ಪಾಪ ಪ್ರಾಂಶುಪಾಲರು ಇಡೀ ದಿನ ಆಚೆ ಬೆಂಚಿನ ಮೇಲೆ ಕೂತಿದ್ರು!"

ಮುಂದೆ ಅತಿಥಿ ಉಪನ್ಯಾಸಕ. ಸಂದರ್ಶನದಲ್ಲಿ ಸೋತವನು.

"ಒಂಬತ್ತು ವರ್ಷ ಗಂಟಲು ಹರ್ಕೊಂಡು ಪಾಠ ಮಾಡಿದೋನು ನಾನು. ಕೆಲಸ ಮಾತ್ರ ಚಿಕ್ಕಪ್ಪ ಇರೋಳಿಗೆ! ಹೊಟ್ಟೆ ಉರಿಯಲ್ವಾ?"

"ಅದಕ್ಕೇ ಹಾಳೆ ಕಿತ್ರಾ?"

"ಕಿತ್ತಿದ್ರೆ ಎದೆ ತಟ್ಟಿ ಹೇಳ್ತಿದ್ದೆ!"

ಕಳ್ಳ ಇವನೇ ಎಂದು ನಾನು ಬರೆದೂಬಿಟ್ಟೆ. ಸೂಜಿ ಇಣುಕಿ ನೋಡಿ ನಕ್ಕಳು. ಆ ನಗು ಕಂಡರೆ ನನಗಾಗದು.

ಅವಳು ನೇರ ಗ್ರಂಥಾಲಯಕ್ಕೆ ನಡೆದಳು. ಪ್ರಾಂಶುಪಾಲರೂ ಹಿಂದೆಯೇ ಬಂದರು. ಗ್ರಂಥಪಾಲಕಿ ಅವರ ಹೆಂಡತಿಯೇ — ಕೂದಲು ಇದ್ದಿಲಿನಷ್ಟು ಕಪ್ಪು.

"ನಿಮ್ಮ ಅಕ್ಕ ಕಾಲೇಜಿಗೆ ಬಂದಿದ್ರಂತೆ?" ಸೂಜಿ ಕೇಳಿದಳು.

"ಅಕ್ಕನಾ? ಅವಳು ನನ್ನ ತಂಗಿ! ಕೂದಲು ಬೆಳ್ಳಗಾಗಿದೆ ನೋಡಿ, ಇಲ್ಲಿ ಎಲ್ಲರೂ ಹಾಗೇ ಅನ್ಕೋತಾರೆ." ಆ ತಪ್ಪು ಆಕೆಗೆ ಸಂತೋಷವನ್ನೇ ಕೊಟ್ಟಂತಿತ್ತು.

"ಅದಕ್ಕೇ ಎಲ್ಲರ ಬಾಯಲ್ಲೂ ಪ್ರಾಂಶುಪಾಲರು ಆ ಹುಡುಗಿಗೆ ಚಿಕ್ಕಪ್ಪ," ಎಂದಳು ಸೂಜಿ. "ಮೂಗರ್ಜಿ ಬರೆದವರು ಮಾತ್ರ ದೊಡ್ಡಪ್ಪ ಅಂದಿದ್ದಾರೆ. ನಿಮ್ಮಿಬ್ಬರಲ್ಲಿ ಹಿರಿಯವರು ಯಾರು ಅಂತ ಗೊತ್ತಿರೋದು ಮನೆಯವರಿಗಷ್ಟೇ. ನಿಮ್ಮ ಯಜಮಾನರಾಗಲಿ ತಂಗಿಯಾಗಲಿ ಆ ಹುಡುಗಿಯಾಗಲಿ ತಮ್ಮ ಕಾಲಿಗೆ ತಾವೇ ಕೊಡಲಿ ಹಾಕ್ಕೋತಾರಾ? ಹಾಳೆ ಕೊಡಿ ಅಮ್ಮ."

ನನಗೆ ಯಾಕೆ ಹೊಳೆಯಲಿಲ್ಲ? ನನಗೂ ಚಿಕ್ಕಪ್ಪಂದಿರಿದ್ದಾರೆ, ದೊಡ್ಡಪ್ಪಂದಿರಿದ್ದಾರೆ!

ಆಕೆಯ ಮುಖ ಕೆಂಪೇರಿತು. "ಚಿಕ್ಕಂದಿನಿಂದ ಎಲ್ಲ ಅವಳಿಗೇ. ಈಗ ಕೆಲಸಾನೂ ಅವಳ ಮಗಳಿಗೇ! ನನ್ನ ಮಗಳು ಅರ್ಜಿ ಹಾಕ್ತೀನಿ ಅಂದಾಗ 'ಸ್ವಂತ ಮಗಳಿಗೆ ನಿಯಮ ಬಿಡಲ್ಲ' ಅಂದ್ರು ಇವರು."

"ಹಾಗಂತ ಯಾವ ನಿಯಮ?" ಎಂದಳು ಸೂಜಿ. " ಮಗಳಾದ್ರೂ ಅದೇ ಹಾಳೆ, ಅದೇ ಸಹಿ, ಅದೇ ಬೆಂಚು."

ಆಕೆ ಗಂಡನತ್ತ ತಿರುಗಿದಳು. ಪ್ರಾಂಶುಪಾಲರು ತಲೆ ಎತ್ತಲಿಲ್ಲ.

"ನಮ್ಮವಳು ಆಯ್ಕೆ ಆಗ್ತಿರ್ಲಿಲ್ಲ ಕಣೇ. ಅವಳ ಪಾಠ ಕೇಳಿದೀನಿ. ಹೇಳೋಕೆ ಬಾಯಿ ಬರ್ಲಿಲ್ಲ... ನಿಯಮದ ಮೇಲೆ ಹಾಕ್ದೆ."

ಆಕೆ ಮೇಜಿನ ಖಾನೆ ಎಳೆದು, ನಾಲ್ಕಾಗಿ ಮಡಚಿದ್ದ ಹಾಳೆಯನ್ನು ಸೂಜಿಯ ಕೈಗಿಟ್ಟಳು.

"ಏನು ಶಿಕ್ಷೆ ಬೇಕಾದ್ರೂ ಬರೀರಿ. ಇವರು ಈಗ ಹೇಳಿದ್ರಲ್ಲ — ಅದು ಮಾತ್ರ ನನ್ನ ತಂಗಿ ಕಿವಿಗೆ ಬೀಳಬಾರದು."