ಎಣ್ಣೆ ಹಚ್ಚಿಟ್ಟ ಬಯೋನೆಟ್

ಇನ್ಸ್‌ಪೆಕ್ಟರ್ ಸಲ್ಮಿಯಾ ಠಾಣೆಯ ಹಿಂದಿನ ಅಡುಗೆಮನೆಯಲ್ಲಿ ಕೂತು ಒಣಮೀನಿನ ತಲೆ ಮುರಿಯುತ್ತಿದ್ದಳು. ತಿಂಗಳ ಮೊದಲ ಶನಿವಾರ ಗಣಿಯೂರು ಸುಂಗೈ ಬೆಲಿಬಿಸ್‌ನ ಠಾಣೆಯವರೆಲ್ಲ ಅಂಗಳ ಗುಡಿಸಿ, ಒಟ್ಟಿಗೆ ಅಡುಗೆ ಮಾಡಿ ಉಣ್ಣುವುದು ರೂಢಿ. ಒಲೆಯ ಮೇಲೆ ತೆಂಗಿನಹಾಲಿನ ಅನ್ನ ಬೇಯುತ್ತಿತ್ತು. ಕಾರ್ಪೊರಲ್ ಧನಪಾಲನ್ ಮೆಣಸಿನಕಾಯಿ ಅರೆಯುತ್ತ ಕಣ್ಣೀರು ಸುರಿಸುತ್ತಿದ್ದ.

"ಅಳಬೇಡ್ವೋ, ನಿನ್ನ ಮದುವೆಗೆ ಇನ್ನೂ ಟೈಮಿದೆ," ಎಂದಳು ಸಲ್ಮಿಯಾ.

"ನೀವು ಪಾತ್ರೆಗೆ ಹಾಕಿದ್ದಕ್ಕಿಂತ ಬಾಯಿಗೆ ಹಾಕ್ಕೊಂಡ ಮೀನೇ ಜಾಸ್ತಿ, ಮೇಡಂ."

ಅಷ್ಟರಲ್ಲಿ ಗಣಿ ಕಾರ್ಮಿಕರ ಹಳೇ ಭವನದ ಕಾವಲುಗಾರ ವೇಲಾಯುಧಂ ಬಾಗಿಲ ಚೌಕಟ್ಟು ಹಿಡಿದು ನಿಂತ. ಅಂಗಿಯ ಮುಂಭಾಗವೆಲ್ಲ ರಕ್ತ. ಅವನದಲ್ಲ.

"ಮೇಜರ್ ಸಾಹೇಬ್ರು ಹೋಗ್ಬಿಟ್ರು ಮೇಡಂ. ಎತ್ತಿ ಕೂರಿಸೋಕೆ ನೋಡಿದೆ. ಕತ್ತು ನಿಲ್ಲಲಿಲ್ಲ."

ದಿನಾಂಕ 4-3-2023, ಬೆಳಿಗ್ಗೆ ಎಂಟೂಮುಕ್ಕಾಲಿಗೆ ಎಫ್‌ಐಆರ್ ದಾಖಲಾಯಿತು. ಮೃತ, ನಿವೃತ್ತ ಮೇಜರ್ ಬಹಾರುದ್ದೀನ್. ಜಪಾನೀಯರು ಈ ಸೀಮೆಗೆ ನುಗ್ಗಿದ ಯುದ್ಧದ ಬಗ್ಗೆ ಮೂರು ಪುಸ್ತಕ ಬರೆದವನು. ಹಿಂದಿನ ಸಂಜೆ ಅದೇ ಭವನದಲ್ಲಿ ಅವನಿಗೂ, ಜೊತೆಯಲ್ಲೇ ಗುಡ್ಡ ಅಲೆದು ಎರಡು ಪುಸ್ತಕ ಬರೆದ ಲೌ ಕಿಯಾನ್ ಹೋ ಮೇಷ್ಟ್ರಿಗೂ ಪುಸ್ತಕದ ಮಾತುಕತೆ ನಡೆದಿತ್ತು. ಲೌ ಮೇಷ್ಟ್ರು ಸಲ್ಮಿಯಾಳಿಗೆ ಶಾಲೆಯಲ್ಲಿ ಇತಿಹಾಸ ಕಲಿಸಿದವರು.

ಹೆಣ ವೇದಿಕೆಯ ಬುಡದಲ್ಲಿ ಬಿದ್ದಿತ್ತು. ಹೊಟ್ಟೆಗೊಂದು, ಎದೆಗೊಂದು, ಕುತ್ತಿಗೆಗೊಂದು ಇರಿತ. ಎಡಗೈಯ ಎರಡು ಬೆರಳು ಚರ್ಮದಲ್ಲಿ ನೇತಾಡುತ್ತಿದ್ದವು. ಬರಿಗೈಯಲ್ಲಿ ಅಲಗು ಹಿಡಿದು ಸೆಣಸಿದ್ದ. ಮಾರಲು ಜೋಡಿಸಿದ್ದ ಪುಸ್ತಕಗಳ ಕೆಳಗಿನ ಸಾಲು ರಕ್ತ ಕುಡಿದು ಉಬ್ಬಿತ್ತು. ಕುರ್ಚಿಗಳ ನಡುವೆ ಎಳೆದಾಡಿದ ಗುರುತಿತ್ತು.

ಪಂಚರ ಎದುರು ಪಂಚನಾಮೆ ಶುರುವಾಯಿತು. ಗೋಡೆಯ ಪಕ್ಕದ ಮೇಜಿನ ಮೇಲೆ ಗುಡ್ಡದಲ್ಲಿ ಸಿಕ್ಕಿದ ಯುದ್ಧದ ಸಾಮಾನು: ತೂತುಬಿದ್ದ ಶಿರಸ್ತ್ರಾಣ, ಗುಂಡಿನ ಚಿಪ್ಪು, ಬಂದೂಕಿನ ಮೂತಿಗೆ ಸಿಕ್ಕಿಸುವ ಮೂರು ಬಯೋನೆಟ್ ಕತ್ತಿ, ಒರೆಯ ಸಮೇತ. ಪದಕಗಳ ಪೆಟ್ಟಿಗೆ ಮಾತ್ರ ಖಾಲಿ.

"ಪದಕ ಕದಿಯೋಕೆ ಬಂದೋನು. ಮೇಜರ್ ಅಡ್ಡ ಬಂದ್ರು, ಇರಿದ," ಎಂದ ಧನಪಾಲನ್.

"ಯಾವುದ್ರಲ್ಲಿ?"

"ಜೊತೇಲೇ ಒಯ್ದಿರ್ತಾನೆ."

ಸಲ್ಮಿಯಾ ಕೈಗವಸು ಹಾಕಿ ಬಯೋನೆಟ್‌ಗಳನ್ನು ಒಂದೊಂದಾಗಿ ಎಳೆದಳು. ಎರಡರ ಮೇಲೆ ಹಳೆಯ ಎಣ್ಣೆ ಒಣಗಿತ್ತು. ಮೂರನೆಯದು ಹಸಿಹಸಿಯಾಗಿ ಹೊಳೆಯಿತು. ಮೂಗಿಗೆ ಹಿಡಿದರೆ ಲವಂಗದ ವಾಸನೆ. ಒರೆಯನ್ನು ಬಿಳಿ ಹಾಳೆಯ ಮೇಲೆ ಬಗ್ಗಿಸಿ ತಟ್ಟಿದಾಗ ಹಿಡಿಯ ಬುಡದಲ್ಲಿ ಒರೆಸದೆ ಉಳಿದಿದ್ದ ರಕ್ತ ಕಪ್ಪು ಚೂರುಗಳಾಗಿ ಉದುರಿತು.

"ಒರೆಸಿ, ಎಣ್ಣೆ ಹಚ್ಚಿ, ಒರೆಗೆ ಹಾಕಿ, ಸಾಲಲ್ಲಿ ಇಟ್ಟು ಹೋಗಿದ್ದಾನೆ," ಎಂದಳು.

"ಕಳ್ಳನಿಗೆ ಅಷ್ಟು ಪುರುಸೊತ್ತೆಲ್ಲಿ ಮೇಡಂ?"

"ಪುರುಸೊತ್ತಲ್ಲ ಧನಪಾಲ, ಅಭ್ಯಾಸ."

ಗುಡ್ಡ ಅಗೆದು ಯುದ್ಧದ ಪುಸ್ತಕ ಬರೆಯುವವರದ್ದೊಂದು ಕಟ್ಟಳೆಯಿದೆ: ಬರಿಗೈ ತಾಗಿದ ಅಲಗನ್ನು ಲವಂಗದೆಣ್ಣೆ ಹಚ್ಚದೆ ಒರೆಗೆ ಹಾಕಬಾರದು, ಬೆವರಿಗೆ ತುಕ್ಕು ಹಿಡಿಯುತ್ತದೆ. ಅದನ್ನು ಸಲ್ಮಿಯಾಳಿಗೆ ಹೇಳಿಕೊಟ್ಟವರು ಲೌ ಮೇಷ್ಟ್ರೇ, ಶಾಲೆಯ ಮಕ್ಕಳನ್ನು ಗುಡ್ಡಕ್ಕೆ ಕರೆದೊಯ್ದಾಗ. ಊರಿನಲ್ಲಿ ಆ ಎಣ್ಣೆಯ ಶೀಶೆ ಜೇಬಿನಲ್ಲಿಟ್ಟು ತಿರುಗುತ್ತಿದ್ದವರು ಇಬ್ಬರೇ. ಒಬ್ಬ ಇಲ್ಲಿ ಬಿದ್ದಿದ್ದ.

"ನಿನ್ನೆ ಕೊನೆಗೆ ಬೀಗ ಹಾಕಿದ್ಯಾರು?" ವೇಲಾಯುಧಂನನ್ನು ಕೇಳಿದಳು.

"ಕೀಲಿ ಮೇಜರ್ ಹತ್ರಾನೇ ಇತ್ತು. ಸಾಮಾನು ಕಟ್ಟಿಟ್ಟು ಹೋಗ್ತೀವಿ, ನೀನು ನಡಿ ಅಂದ್ರು."

"ಹೋಗ್ತೀವಿ ಅಂದ್ರಾ, ಹೋಗ್ತೀನಿ ಅಂದ್ರಾ?"

ವೇಲಾಯುಧಂ ನೆಲ ನೋಡಿದ. "ಮೇಷ್ಟ್ರೂ ಇದ್ರು ಮೇಡಂ. ದೇವರಂಥ ಮನುಷ್ಯ. ಹೇಳೋಕೆ ನಾಲಿಗೆ ಬರಲಿಲ್ಲ."

ಹಾಗೆಂದ ಮಾತ್ರಕ್ಕೆ ಕೈಗೆ ಬೇಡಿ ಹಾಕಲಾಗುವುದಿಲ್ಲ. ಯಾಕೆ ಎಂಬುದು ಗೊತ್ತಾಗಬೇಕು. ಮಧ್ಯಾಹ್ನ ಠಾಣೆಯಲ್ಲಿ ಕೂತು ಮಾತುಕತೆಯ ವಿಡಿಯೋ ನೋಡಿದಳು.

"ಕಡತ ಬರೆಯೋರು ಗೆದ್ದೋರು, ಇಲ್ಲ ಓಡಿಬಂದೋರು. ಇಬ್ರೂ ಸುಳ್ಳು ಹೇಳ್ತಾರೆ," ಎನ್ನುತ್ತಿದ್ದ ಮೇಜರ್. "ನಾನು ಗುಡ್ಡ ಹತ್ತಿ ಕಂದಕ ಅಳೀತೀನಿ. ಮಣ್ಣು ಸುಳ್ಳು ಹೇಳಲ್ಲ."

"ಮಣ್ಣು ಮಾತೂ ಆಡಲ್ಲ," ಎಂದರು ಲೌ ಮೇಷ್ಟ್ರು. "ನಾನು ಮುದುಕರ ಬಾಗಿಲಲ್ಲಿ ಕೂರ್ತೀನಿ. ಮೊದಲನೇ ದಿನ ಸುಳ್ಳು ಹೇಳ್ತಾರೆ, ಎರಡನೇ ದಿನ ಚಹಾ ಕೊಡ್ತಾರೆ, ಮೂರನೇ ದಿನ ಅಳ್ತಾರೆ. ನನ್ನ ಪುಸ್ತಕ ಶುರುವಾಗೋದೇ ಆಗ."

"ಅದಕ್ಕೇ ನಿಮ್ಮ ಪುಸ್ತಕ ಹಿಂಡಿದ್ರೆ ನೀರು ಬರುತ್ತೆ!" ಸಭೆ ನಕ್ಕಿತು.

"ನಿಮ್ಮದ್ರಲ್ಲಿ ಬರೀ ನಕ್ಷೆ, ಮೇಜರ್. ಸತ್ತವರ ಹೆಸರೇ ಇಲ್ಲ."

"ಮುಂದಿನದ್ರಲ್ಲಿ ಇರುತ್ತೆ. ಗೋಣಿಮುಸುಕು ಹಾಕ್ಕೊಂಡು ಅವರನ್ನ ಜಪಾನೀಯರಿಗೆ ತೋರಿಸಿಕೊಟ್ಟನಲ್ಲ, ಅವನ ಹೆಸರೂ ಇರುತ್ತೆ. ಆವತ್ತು ಮೈದಾನದಲ್ಲಿದ್ದ ಒಬ್ಬ ಹುಡುಗಿ ಇನ್ನೂ ಬದುಕಿದ್ದಾಳೆ."

ಬಾಯಿಗೆ ಒಯ್ದಿದ್ದ ಲೋಟವನ್ನು ಮೇಷ್ಟ್ರು ಕುಡಿಯದೆ ಕೆಳಗಿಟ್ಟರು.

ಆ ಹುಡುಗಿ ಎಂದರೆ ಈಗ ತೊಂಬತ್ತು ದಾಟಿದ ಯಿಪ್ ಸಾವ್ ಲಾನ್ ಎಂದು ಊರಿಗೇ ಗೊತ್ತು. ಠಾಣೆಯಿಂದ ಎರಡು ಬೀದಿ ಆಚೆಗೆ ಮನೆ. ಬಾಗಿಲಲ್ಲಿ ಕೂತು ಮೊಳಕೆಕಾಳಿನ ಬಾಲ ಚಿವುಟುತ್ತಿದ್ದಳು.

"ಜಪಾನೀಯರು ಊರಿನ ಗಂಡಸರನ್ನೆಲ್ಲ ಮೈದಾನದ ಬಿಸಿಲಲ್ಲಿ ಕೂರಿಸಿದ್ರು ಮಗಾ. ಮುಸುಕಿನವನು ಸಾಲಲ್ಲಿ ನಡ್ಕೊಂಡು ಬಂದ. ಅವನು ತಲೆ ಆಡಿಸಿದ್ರೆ ಸಾವು. ನನ್ನ ಮೂರೂ ಅಣ್ಣಂದಿರ ಮುಂದೆ ನಿಂತು ಆಡಿಸ್ದ. ಅಂಗೈಗೆ ತಂತಿ ಪೋಣಿಸಿ ಗಣಿ ಹೊಂಡಕ್ಕೆ ಎಳ್ಕೊಂಡು ಹೋದ್ರು. ಗುಂಡು ಯಾಕೆ ದಂಡ ಅಂತ ಬಯೋನೆಟ್ಟಲ್ಲೇ ತಿವಿದ್ರು. ಚಿಕ್ಕಣ್ಣ ನೀರಿಂದ ಎದ್ದುಬಂದ. ಮತ್ತೆ ತಿವಿದ್ರು. ಮತ್ತೆ ಎದ್ದ."

"ಮುಖ ಮುಚ್ಚಿತ್ತಲ್ಲ ಅಜ್ಜಿ, ಹೇಗೆ ಗೊತ್ತಾಯ್ತು?"

"ಕಾಲು ಮುಚ್ಚಿರಲಿಲ್ವಲ್ಲ. ಬಲಗಾಲಿನ ಹೆಬ್ಬೆರಳಿಗೆ ಉಗುರಿರಲಿಲ್ಲ. ಸೈಕಲ್ ಅಂಗಡಿ ಲೌ, ನಿಮ್ಮ ಮೇಷ್ಟ್ರ ಅಪ್ಪ. ಅವನನ್ನೂ ತಲೆಕೆಳಗೆ ನೇತುಹಾಕಿ ಬಡಿದಿದ್ರಂತೆ, ಆಮೇಲೆ ಮುಸುಕು ಹಾಕ್ಕೊಂಡ. ಯುದ್ಧ ಮುಗಿದ ಮೇಲೆ ಹೊಸವರ್ಷ ಬಂದ್ರೆ ನಮ್ಮ ಬಾಗಿಲಲ್ಲಿ ಒಂದು ಚೀಲ ಅಕ್ಕಿ ಇರ್ತಿತ್ತು. ಅಮ್ಮ ಅದನ್ನ ಬಾತುಕೋಳಿಗೆ ಹಾಕ್ತಿದ್ಲು."

"ಮೇಜರ್‌ಗೆ ಹೆಸರು ಹೇಳಿದ್ರಾ?"

"ಕೇಳ್ದ, ಹೇಳ್ದೆ. ಲೌ ಮಗ ಒಂದು ಸಲ ಬಂದು ಈ ಮಣೆ ಮೇಲೆ ಕೂತು 'ಅಜ್ಜೀ' ಅಂದಿದ್ರೆ ಸಾಕಿತ್ತು, ಅಚ್ಚು ಹಾಕ್ಬೇಡ ಕಣೋ ಅಂತ ಮೇಜರ್‌ಗೆ ನಾನೇ ಅಂತಿದ್ದೆ. ಊರಿನ ಮುದುಕರ ಬಾಗಿಲಿಗೆಲ್ಲ ಹೋದ. ನನ್ನ ಬಾಗಿಲಿಗೆ ಮಾತ್ರ ಬರಲಿಲ್ಲ."

ಸಂಜೆ ಲೌ ಮೇಷ್ಟ್ರನ್ನು ಠಾಣೆಗೆ ಕರೆಸಲಾಯಿತು. ಒಗೆದ ಅಂಗಿ, ಬಾಚಿದ ತಲೆ. ಮುದ್ದೆಮಾಲಿನ ಕೋಣೆಯಿಂದ ತಂದ ಬೇರೊಂದು ಹಳೇ ಬಯೋನೆಟ್ಟನ್ನು ಸಲ್ಮಿಯಾ ಮೇಜಿನ ಮೇಲಿಟ್ಟಳು.

"ಮೇಷ್ಟ್ರೇ, ಇದು ಯಾವ ಕಾಲದ್ದು ನೋಡಿ ಹೇಳ್ತೀರಾ?"

ಅವರು ಎಳೆದು, ಅಲಗಿನ ಮೇಲೆ ಬೆರಳಾಡಿಸಿ ಬೆಳಕಿಗೆ ಹಿಡಿದರು. "ಯುದ್ಧದ ಕೊನೆಗಾಲದ್ದು. ಒರಟು ಕೆಲಸ. ಕಬ್ಬಿಣಕ್ಕೂ ಬರ ಬಂದಿತ್ತು ಆಗ." ಹೇಳುತ್ತಲೇ ಅವರ ಎಡಗೈ ತಾನಾಗಿ ಜೇಬಿಗೆ ಹೋಗಿ ಪುಟ್ಟ ಶೀಶೆಯನ್ನೂ ಬಟ್ಟೆಯ ತುಂಡನ್ನೂ ತೆಗೆಯಿತು. ಕೋಣೆಯಲ್ಲಿ ಲವಂಗದ ವಾಸನೆ ಎದ್ದಿತು. ಅರ್ಧ ಅಲಗು ಒರೆಸಿದ ಮೇಲೆ ಅವರ ಕಣ್ಣು ಮೇಲೆದ್ದು ಅವಳನ್ನು ನೋಡಿತು. ಕೈ ನಿಂತಿತು.

"ಅಂಗಿ ಒಗೆದ್ರಿ, ಬಟ್ಟೆ ಮರೆತ್ರಿ ಮೇಷ್ಟ್ರೇ," ಎಂದಳು ಸಲ್ಮಿಯಾ. ಬಟ್ಟೆಯ ಮಡಿಕೆಯಲ್ಲಿ ಕಂದು ಕಲೆಯಿತ್ತು.

"ಹಿಂದಿನ ಬೆಂಚಲ್ಲಿ ಕೂರ್ತಿದ್ದೆ ನೀನು. ಆದ್ರೂ ಎಲ್ಲಾ ನೋಡ್ತಿದ್ದೆ." ಅವರು ಬಯೋನೆಟ್ಟನ್ನು ಮೆಲ್ಲನೆ ಕೆಳಗಿಟ್ಟರು. "ಅಪ್ಪನ ಹೆಸರು ಅಚ್ಚು ಹಾಕ್ಬೇಡಿ ಅಂತ ಬೇಡ್ಕೊಂಡೆ ಸಲ್ಮಿಯಾ. ಕಾಲು ಹಿಡ್ಕೊಂಡೆ. 'ನಿಮ್ಮಪ್ಪ ಸತ್ತು ಹನ್ನೊಂದು ವರ್ಷ ಆಯ್ತು, ಇನ್ಯಾರಿಗ್ರೀ ನೋವು' ಅಂತ ನಕ್ಕ. ಮೊದಲನೇದು ಹೊಟ್ಟೆಗೆ ಹೋಯ್ತು. ಅಲಗನ್ನೇ ಹಿಡ್ಕೊಂಡ. ಬೆರಳು ಹೋದ್ರೂ ಬಿಡಲಿಲ್ಲ, ಸೈನಿಕ. ನಾನೂ ಬಿಡಲಿಲ್ಲ."

"ಪದಕ?"

"ಕಳ್ಳತನ ಅನ್ನಿಸ್ಲಿ ಅಂತ ಗಣಿ ಹೊಂಡಕ್ಕೆ ಎಸೆದೆ."

ಕಲಂ 302ರಡಿ ಬಂಧನವಾಯಿತು. ಮರುದಿನ ಹೊಂಡದಿಂದ ಪದಕಗಳನ್ನು ಎತ್ತಿದರು. ಬಟ್ಟೆಯ ಮೇಲಿನ ರಕ್ತ ಮೇಜರ್‌ದೇ ಎಂದು ಪ್ರಯೋಗಾಲಯ ಬರೆಯಿತು.

ಯಿಪ್ ಅಜ್ಜಿ ಹೇಳಿದ್ದನ್ನು ಸಲ್ಮಿಯಾ ಲಾಕಪ್ಪಿನ ಮುಂದೆ ನಿಂತು ಮೇಷ್ಟ್ರಿಗೆ ಹೇಳಿದಳು. ಅವರು ಎದ್ದು ಬಂದು ಸರಳು ಹಿಡಿದರು.

"ಅವಳಿಗೆ ಮೊದಲಿಂದ್ಲೂ ಗೊತ್ತಿತ್ತಾ?"

"ಕಾಲು ನೋಡಿದ ದಿನದಿಂದ."

"ಅಪ್ಪ ಸಾಯೋವಾಗ ನನಗೆ ಹೇಳ್ದ. ಆವತ್ತಿಂದ ಅವಳಿಗೊಂದು ಕಾಗದ ಬರೀತಿದ್ದೀನಿ. 'ಯಿಪ್ ಅಜ್ಜಿಗೆ' ಅಂತ ಬರೆದ್ಮೇಲೆ ಪೆನ್ನು ಓಡಲ್ಲ." ಸರಳಿನಾಚೆಗೆ ಕೈ ಚಾಚಿ ಕೇಳಿದರು: "ಹಾಳೆ ಇದ್ಯಾ?"

ಕಡತಕ್ಕೆ ಸೇರಿಸಲು ಅವರ ಎರಡೂ ಪುಸ್ತಕಗಳನ್ನು ತರಿಸಿದ್ದಳು ಸಲ್ಮಿಯಾ. ಎರಡರ ಮೊದಲ ಪುಟದಲ್ಲೂ ಒಂದೇ ಸಾಲಿತ್ತು: 'ಆ ಮೈದಾನದಿಂದ ಜೀವಂತ ಬಂದ ನನ್ನಪ್ಪನಿಗೆ.' ಆ ಸಾಲನ್ನು ಉಳಿಸಿಕೊಳ್ಳಲು ಮನುಷ್ಯ ಬಯೋನೆಟ್ ಹಿಡಿದಿದ್ದ.

ಕೈದಿಯ ಕಾಗದವನ್ನು ಅಧಿಕಾರಿ ಓದಬೇಕೆಂಬುದು ನಿಯಮ. ಓದಿದಳು, ಲಕೋಟೆಗೆ ಹಾಕಿ ಅಂಟಿಸಿದಳು, ಅಂಚೆಚೀಟಿ ಹಚ್ಚಿದಳು.

"ಎರಡೇ ಬೀದಿ ಮೇಡಂ. ನಾನೇ ಕೊಟ್ಟು ಬರ್ಲಾ?" ಎಂದ ಧನಪಾಲನ್.

"ಬೇಡ. ಪೊಲೀಸರ ಕೈಯಿಂದ ಹೋದ್ರೆ ಅದು ಹೇಳಿಕೆ ಆಗುತ್ತೆ. ಅಂಚೇಲಿ ಹೋದ್ರೆ ಕಾಗದ."

ರಸ್ತೆ ದಾಟಿ, ಕೆಂಪು ಡಬ್ಬಿಯ ಬಾಯಿಗೆ ಲಕೋಟೆ ತೂರಿಸಿದಳು. ಒಳಗೆ ಬಿದ್ದ ಸದ್ದು ಕೇಳಿಸುವವರೆಗೂ ಅಲ್ಲೇ ನಿಂತಿದ್ದಳು.