ತಮ್ಮನ ಹೆಸರಿನ ಮೀಟರ್

"ಮೀಟರ್ ಮಾತ್ರ ನಿಮ್ಮ ಹೆಸರಿಗೆ ಮಾಡಿಸ್ಕೋಬೇಡಿ ಸ್ವಾಮಿ. ಹಿಂದೆ ಇದ್ದವರು ಮಾಡಿಸ್ಕೊಂಡು ಹಾಸಿಗೆ ಹಿಡಿದ್ರು," ಎಂದು ರೀಡಿಂಗ್ ಬರೆಯುವವನು ದನಿ ತಗ್ಗಿಸಿ ಹೇಳಿದಾಗ, ಹೊಸದಾಗಿ ಆ ಮನೆಗೆ ಬಂದಿದ್ದ ವೈರ್‌ಮನ್ ಹೊಟ್ಟೆ ಹಿಡಿದುಕೊಂಡು ನಕ್ಕ.

"ಇಪ್ಪತ್ತು ವರ್ಷದಿಂದ ಕರೆಂಟಿನ ಜೊತೆ ಸಂಸಾರ ಮಾಡ್ತಿದೀನಿ ಕಣಯ್ಯಾ. ನನಗೇ ಮಾಟದ ಕತೆ ಹೇಳ್ತೀಯಾ?"

ನಗದೆ ಏನು ಮಾಡಿಯಾನು? ಮನೆ ಕೊಟ್ಟವಳು ಒಡಹುಟ್ಟಿದ ಅಕ್ಕ, ತಾಯಿ ಹೋದ ಮೇಲೆ ತುತ್ತಿಟ್ಟು ಸಾಕಿದವಳು. ಭಾವ ಲಕ್ವ ಹೊಡೆದು ಮೂರು ವರ್ಷದಿಂದ ಮಲಗಿದಲ್ಲೇ ಇದ್ದರು. "ಪಕ್ಕದಲ್ಲೇ ಇರು ತಮ್ಮಾ, ನನಗೂ ಒಂದು ಆಸರೆ," ಎಂದು ಗೋಡೆಯಾಚೆಯ ಮನೆಯನ್ನು ಅವನಿಗೆ ಬಿಟ್ಟುಕೊಟ್ಟಿದ್ದಳು. ಮೀಟರ್ ಅವನ ಹೆಸರಿಗೇ ಆಗಬೇಕೆಂದು ಹಟ ಹಿಡಿದು, ಅರ್ಜಿ ಬರೆದು ಸಹಿ ಹಾಕಿಸಿಕೊಂಡವಳೂ ಅವಳೇ.

ಒಂಟಿ ಜೀವ. ಎರಡು ಬಲ್ಬು, ಒಂದು ಫ್ಯಾನು. ಮೊದಲ ತಿಂಗಳ ಬಿಲ್ಲೇ ದೊಡ್ಡ ಸಂಸಾರದ ಬಿಲ್ಲಿನಷ್ಟು ಬಂತು. ಎರಡನೆಯದು ಅದರ ದುಪ್ಪಟ್ಟು. ಅಷ್ಟರಲ್ಲಿ ಅವನೂ ಸೊರಗಿದ್ದ. ಪ್ಯಾಂಟು ಸೊಂಟದಲ್ಲಿ ನಿಲ್ಲುತ್ತಿರಲಿಲ್ಲ, ಏಣಿಯ ನಾಲ್ಕನೇ ಮೆಟ್ಟಿಲಿಗೇ ಏದುಸಿರು. "ಹೊತ್ತಿಗೆ ಸರಿಯಾಗಿ ಊಟ ಮಾಡೋ," ಎಂದು ಅಕ್ಕ ತಲೆ ಸವರುತ್ತಿದ್ದಳು.

ಎಲ್ಲೋ ಕರೆಂಟ್ ಸೋರುತ್ತಿರಬೇಕೆಂದು ಒಂದು ಮಧ್ಯಾಹ್ನ ಮೇನ್ ಸ್ವಿಚ್ ಆಫ್ ಮಾಡಿ ಮೀಟರ್ ಮುಂದೆ ನಿಂತ. ಚಕ್ರ ತಿರುಗುತ್ತಲೇ ಇತ್ತು. ಅಷ್ಟರಲ್ಲಿ ಇಡೀ ಬೀದಿಯ ಕರೆಂಟೇ ಹೋಯಿತು. ಹಿಂದಿನ ಮನೆಯ ಮಿಕ್ಸಿ ನಿಂತಿತು, ಎದುರು ಮನೆಯ ಟಿವಿ ಬಾಯಿ ಮುಚ್ಚಿತು. ಆ ಮೌನದಲ್ಲಿ ಅವನ ಮೀಟರ್ ಮಾತ್ರ ಗುಂಯ್ ಎನ್ನುತ್ತ ಇನ್ನೂ ಜೋರಾಗಿ ತಿರುಗಿತು. ಪೆಟ್ಟಿಗೆಯಿಂದ ಸುಟ್ಟ ಕೂದಲಿನ ವಾಸನೆ ಬಂತು.

ಟೆಸ್ಟರ್ ತೆಗೆದು ತಂತಿಗೆ ಮುಟ್ಟಿಸಿದ. ಹೊತ್ತಲಿಲ್ಲ. ಹಿಂದಕ್ಕೆ ತೆಗೆಯುವಾಗ ಅದರ ತುದಿ ಅವನ ಮಣಿಕಟ್ಟಿಗೇ ತಾಗಿತು. ಟೆಸ್ಟರ್ ಕೆಂಪಗೆ ಹೊತ್ತಿಕೊಂಡಿತು.

"ಅಯ್ಯಯ್ಯೋ!"

ಮೀಟರ್ ಹಿಂದಿನಿಂದ ಒಂದು ಕರಿ ಎಳೆ ಅಕ್ಕನ ಮನೆ ಕಡೆಯ ಗೋಡೆಯೊಳಕ್ಕೆ ಹೋಗಿತ್ತು. ವೈರಲ್ಲ, ಹೆಣೆದ ಕೂದಲು. ಎಳೆದ. ಅವನ ನೆತ್ತಿ ಚುರ್ ಎಂದಿತು. ಓಡಿದ. ಅಕ್ಕನ ಮನೆ. ಪರದೆ ಎಳೆದ ಕತ್ತಲೆ ಕೋಣೆ. ಔಷಧಿಯ ಕಮಟು. ಗೋಡೆಯಿಂದ ಹೊರಬಂದ ಎಳೆ ಭಾವನ ಹಾಸಿಗೆಯಡಿಯ ಒಂದು ಗಂಟಿನೊಳಗೆ ಸೇರಿತ್ತು. ಗಂಟು ಕಟ್ಟಿದ್ದು ಅವನದೇ ಹಳೇ ಅಂಗಿಯ ತುಂಡಿನಲ್ಲಿ.

ಭಾವ ಎದ್ದು ಕೂತಿದ್ದರು. ಕೆನ್ನೆಯಲ್ಲಿ ರಂಗು.

"ಅಕ್ಕಾ... ನೀನಾ?"

ಅವಳು ಕಣ್ಣೊರೆಸಿಕೊಂಡಳು. "ಮೀಟರ್ ಯಾರ ಹೆಸರಲ್ಲಿರುತ್ತೋ ಅವರ ಜೀವ ಇವರಿಗೆ ಹರಿಯುತ್ತೆ ಅಂದ, ಮಾಟದವನು. ಹೊರಗಿನವರದು ಇವರಿಗೆ ಹಿಡಿಸಲಿಲ್ಲ ಕಣೋ. ನೀನು ಗಟ್ಟಿ ಆಳು. ಸ್ವಲ್ಪ ಸ್ವಲ್ಪ ತಗೊಂಡ್ರೆ ನಿಂಗೆ ಗೊತ್ತಾಗಲ್ಲ ಅಂದ್ಕೊಂಡೆ."

ತುತ್ತಿಟ್ಟ ಕೈಯೇ! ಕಟಿಂಗ್ ಪ್ಲೇಯರ್ ತೆಗೆದು ಎಳೆಗೆ ಹಿಡಿದ. ಒತ್ತಿದ. ಬೆರಳು ಬಾಗಲಿಲ್ಲ. ಮತ್ತೆ ಒತ್ತಿದ. ನೆಲದ ಮೇಲೆ ಕೂತುಬಿಟ್ಟ. ಚಿಕ್ಕಂದಿನಲ್ಲಿ ಅವನ ಕೈಯಿಂದ ಕತ್ತರಿ ಬಿಡಿಸಿಕೊಳ್ಳುತ್ತಿದ್ದ ಹಾಗೆಯೇ ಅಕ್ಕ ಮೆಲ್ಲಗೆ ಪ್ಲೇಯರ್ ಬಿಡಿಸಿಕೊಂಡಳು.

"ಬಿಡು ತಮ್ಮಾ, ಸುಸ್ತಾಗಿದೀಯ. ಮಲಕ್ಕೋ."

ಮುಂದಿನ ತಿಂಗಳು ರೀಡಿಂಗ್ ಬರೆಯುವವನು ಬಂದಾಗ ಚಕ್ರ ಅಲುಗದೆ ನಿಂತಿತ್ತು. ಬಿಲ್ ತೀರಾ ಕಡಿಮೆ ಬಂತು. ಅದನ್ನು ಕಟ್ಟಲು ಭಾವ ತಾವೇ ನಡೆದುಕೊಂಡು ಹೋದರು.