ಟಾರು ರಸ್ತೆಯ ಮೇಲೆ ಅಜ್ಜಿ

"ಅಪ್ಪ, ಮುಟ್ಟಬೇಡ ಅಂದೆ."

"ಎಲ್ಲಿ ಮುಟ್ಟಿದೆ? ನೋಡ್ತಾ ಇದೀನಿ ಅಷ್ಟೇ."

"ನೋಡೋಕೆ ದಾರ ಯಾಕೆ ಬೇಕು?"

ಸಿಕ್ಕಿಬಿದ್ದ ಅಪ್ಪ ದಾರವನ್ನು ಮೆಲ್ಲಗೆ ಜೇಬಿಗೆ ಇಳಿಸಿದ. ಅದು ನೀಲಿ ಪುಡಿ ಹಚ್ಚಿದ ದಾರ. ಎರಡೂ ತುದಿ ಬಿಗಿಯಾಗಿ ಹಿಡಿದು, ನಡುವೆ ಎಳೆದು ಬಿಟ್ಟರೆ ಗೋಡೆಯ ಮೇಲೆ ಪಟ್ ಅಂತ ನೇರವಾದ ಗೆರೆ ಬೀಳುತ್ತದೆ. ಅಪ್ಪ ಅಂಗಡಿಗಳಿಗೆ ಬೋರ್ಡು ಬರೆಯುವವನು. ಅವನು ಬರೆದ ಅಕ್ಷರಗಳು ಶಾಲೆಯ ಪ್ರಾರ್ಥನೆಗೆ ನಿಂತ ಹಾಗೆ ಸಾಲಾಗಿ, ನೆಟ್ಟಗೆ ನಿಂತಿರುತ್ತವೆ.

ಅದೇ ಚಾಳಿ ಅವನನ್ನು ಎಲ್ಲೂ ಸುಮ್ಮನೆ ಬಿಡುವುದಿಲ್ಲ. ಓರೆಯಾಗಿದ್ದದ್ದು ಕಂಡರೆ ಸಾಕು, ಕೈಗೆ ತುರಿಕೆ. ಯಾರದೋ ಮನೆಗೆ ಹೋದರೆ ಅವರ ಕ್ಯಾಲೆಂಡರ್ ಸರಿ ಮಾಡುತ್ತಾನೆ. ಒಮ್ಮೆ ಡಾಕ್ಟರ ಕ್ಲಿನಿಕ್ಕಿನಲ್ಲಿ ಗೋಡೆಯ ಫೋಟೋ ನೆಟ್ಟಗೆ ಮಾಡಲು ಹೋಗಿ, ಮೊಳೆ ಸಮೇತ ಕಿತ್ತು ಕೈಗೆ ಬಂದಿತ್ತು. ಫೋಟೋ ಹಿಡಿದುಕೊಂಡೇ ಅಪ್ಪ ಡಾಕ್ಟರಿಗೆ ನಾಲಗೆ ತೋರಿಸಿದ್ದ.

"ಎರಡು ಕಣ್ಣೂ ಒಂದೇ ಲೆವೆಲ್‌ನಲ್ಲಿ ಇಲ್ವಲ್ಲ ಮರಿ," ಎಂದ ಅಪ್ಪ ಈಗ.

"ಅಜ್ಜಿಗೂ ಇಲ್ಲ," ಎಂದಳು ಮಗಳು, ಬರೆಯುತ್ತಿದ್ದ ಚಿತ್ರದಿಂದ ತಲೆ ಎತ್ತದೆ.

ಮಗಳನ್ನು ಮನೆಯಲ್ಲಿ ಎಲ್ಲರೂ ಕರೆಯುವುದು ಮೆಣಸು ಅಂತ. ಆ ಹೆಸರು ಕೊಟ್ಟವಳು ಅಜ್ಜಿ. ಗಾತ್ರ ಇಷ್ಟೇ, ಖಾರ ಮಾತ್ರ ಅಷ್ಟು. ಹದಿಮೂರು ತುಂಬಿದ ಮೇಲೆ ಖಾರ ಇನ್ನೂ ಏರಿದೆ ಎಂದು ಅಮ್ಮನ ದೂರು.

ಅವತ್ತು ಬಯಲು ಕಲಾ ಮೇಳ. ಲೈಬ್ರರಿ ಮುಂದಿನ ರಸ್ತೆಗೆ ಎರಡೂ ಕಡೆ ಅಡ್ಡಗಂಬ ಇಟ್ಟು ಗಾಡಿಗಳನ್ನು ತಡೆದಿದ್ದರು. ಒಂದು ಕಡೆ ಮಣ್ಣಿನ ಪಾತ್ರೆ ಮಾಡುವವರು, ಇನ್ನೊಂದು ಕಡೆ ಡ್ರಮ್ ಬಾರಿಸುವವರು. ನಡುರಸ್ತೆ ಪೂರ್ತಿ ದೊಡ್ಡ ಮಕ್ಕಳದು. ಒಬ್ಬೊಬ್ಬರಿಗೆ ಮಂಚದಷ್ಟು ಅಗಲದ ಒಂದು ಚೌಕ, ಒಂದು ಡಬ್ಬಿ ಬಣ್ಣದ ಚಾಕ್‌ಪೀಸ್. ಏನು ಬೇಕಾದರೂ ಬರೆಯಬಹುದು.

ಹಳದಿ ಟೀಶರ್ಟಿನ ಅಕ್ಕ ಒಬ್ಬಳು ಬೆಳಗ್ಗೆಯೇ ಮೈಕಿನಲ್ಲಿ ಹೇಳಿದ್ದಳು. "ಅಪ್ಪ ಅಮ್ಮಂದಿರು ನೀರು ಕೊಡಬಹುದು, ಕೊಡೆ ಹಿಡಿಯಬಹುದು. ಚಾಕ್‌ಪೀಸ್ ಮಾತ್ರ ಮಕ್ಕಳ ಕೈಯಲ್ಲೇ ಇರಲಿ."

ಅದನ್ನು ಒಬ್ಬ ಅಪ್ಪನೂ ಕಿವಿ ಮೇಲೆ ಹಾಕಿಕೊಂಡಿರಲಿಲ್ಲ, ಒಬ್ಬ ಅಮ್ಮನೂ ಹಾಕಿಕೊಂಡಿರಲಿಲ್ಲ. ಪಕ್ಕದ ಚೌಕದಲ್ಲಿ ಕನ್ನಡಕದ ಹುಡುಗನೊಬ್ಬ ಹಸಿರು ಆಕಾಶ ಬರೆಯುತ್ತಿದ್ದ. ಅವನ ಅಮ್ಮ ಬೆಳಗ್ಗಿನಿಂದ "ಆಕಾಶ ನೀಲಿ ಕಣೋ, ಒಂದ್ಸಲ ಮೇಲೆ ನೋಡು" ಎನ್ನುತ್ತಲೇ ಇದ್ದಳು. ಅವನು ಜಪ್ಪಯ್ಯ ಅಂದರೂ ಮೇಲೆ ನೋಡಲಿಲ್ಲ. ಮೆಣಸಿಗೆ ಅವನು ತುಂಬಾ ಹಿಡಿಸಿದ.

ಮೆಣಸು ಬರೆಯುತ್ತಿದ್ದದ್ದು ಅಜ್ಜಿಯ ಮುಖ. ಚೌಕದ ತುಂಬ ಒಂದೇ ಮುಖ.

ಕಳೆದ ವರ್ಷ ಅಜ್ಜಿಗೆ ಕಾಯಿಲೆ ಆಯಿತು. ಒಂದು ಬೆಳಗ್ಗೆ ಎದ್ದಾಗ ಮುಖದ ಎಡಭಾಗ ಜಾರಿತ್ತು. ಕೈಕಾಲು ಮೆಲ್ಲಗೆ ಸರಿಹೋದವು. ಬಾಯಿ ಸರಿಹೋಗಲಿಲ್ಲ. ಈಗ ಅಜ್ಜಿ ನಕ್ಕರೆ ನಗು ಒಂದೇ ಕಡೆಗೆ ಓಡುತ್ತದೆ, ಡಬ್ಬಿಯಿಂದ ಬಿಸ್ಕತ್ತು ಕದ್ದು ಸಿಕ್ಕಿಬಿದ್ದವಳ ಹಾಗೆ. ಮೆಣಸಿಗೆ ಆ ನಗು ಇಷ್ಟ. ಅಜ್ಜಿಗೆ ಇಷ್ಟವಿಲ್ಲ. ಮನೆಗೆ ಯಾರಾದರೂ ಬಂದರೆ ಬಾಯಿಗೆ ಕರ್ಚೀಫು ಅಡ್ಡ ಹಿಡಿಯುತ್ತಾಳೆ. ಕಾಯಿಲೆ ಆದ ಮೇಲೆ ಅವಳು ಗೇಟು ದಾಟಿ ರಸ್ತೆಗೆ ಬಂದದ್ದೇ ಇಲ್ಲ.

"ಹೊರಗೆ ಬಂದ್ರೆ ಎಲ್ರೂ ನನ್ನ ಬಾಯಿನೇ ನೋಡ್ತಾರೆ ಕಣೇ," ಎಂದಿದ್ದಳು ಅಜ್ಜಿ.

"ನೋಡ್ಲಿ. ನಾನೇ ರಸ್ತೆ ಅಗಲ ಬರೀತೀನಿ. ಅಷ್ಟು ದೊಡ್ಡದಾಗಿ ಕಂಡ ಮೇಲೆ ಕದ್ದು ಯಾರು ನೋಡ್ತಾರೆ?"

ಅಜ್ಜಿ ಒಪ್ಪಿದ್ದಳು. "ಸರಿ. ಸಂಜೆ ಬರ್ತೀನಿ. ಆದ್ರೆ ನಾನು ಇರೋ ಹಾಗೇ ಇರ್ಬೇಕು. ಚೆಂದ ಗಿಂದ ಮಾಡಿದ್ಯೋ, ಅಲ್ಲಿಂದಲೇ ವಾಪಸ್."

ಅಜ್ಜಿಯೂ ಅಷ್ಟೇ. ಅವಳು ಹಿಡಿದ ಮೊಲಕ್ಕೆ ಮೂರೇ ಕಾಲು. ವಾಪಸ್ ಅಂದರೆ ವಾಪಸ್ಸೇ, ಮತ್ತೆ ಎಂದಾದರೂ ಗೇಟು ದಾಟುತ್ತಾಳೆ ಅನ್ನುವ ಆಸೆ ಬಿಡಬೇಕು. ಅದಕ್ಕೇ ಮೆಣಸು ಬಿಸಿಲಿನಲ್ಲಿ ಮಂಡಿಯೂರಿ, ಮೊಣಕಾಲಿಗೆ ಟಾರಿನ ಕಲ್ಲು ಒತ್ತುತ್ತಿದ್ದರೂ ಏಳದೆ ಬರೆಯುತ್ತಿದ್ದದ್ದು.

"ಇದನ್ನ ನೋಡ್ಕೊಂಡು ಬರಿ," ಎಂದು ಅಪ್ಪ ಅಂಗಿಯ ಜೇಬಿನಿಂದ ಒಂದು ಫೋಟೋ ತೆಗೆದ. ಷೋಕೇಸಿನಲ್ಲಿ ಇರುತ್ತಿದ್ದ ಹಳೇ ಫೋಟೋ. ಅದರಲ್ಲಿ ಅಜ್ಜಿಯ ಬಾಯಿ ನೆಟ್ಟಗಿತ್ತು.

"ಬೇಡ."

"ಫೋಟೋ ನೋಡಿ ಬರೆದ್ರೆ ಅಳತೆ ತಪ್ಪಲ್ಲ."

"ನನಗೆ ಅಜ್ಜಿ ಮುಖ ನೆನಪಿದೆ ಅಪ್ಪ. ದಿನಾ ನೋಡ್ತೀನಿ."

ಅಪ್ಪ ಫೋಟೋವನ್ನು ಮತ್ತೆ ಜೇಬಿಗೆ ಹಾಕಿಕೊಂಡ.

ಮಧ್ಯಾಹ್ನ ಕಳೆಯುವ ಹೊತ್ತಿಗೆ ಬಾಯಿ ಬರೆದಾಗಿತ್ತು. ಒಂದು ತುದಿ ಮೇಲೆ, ಒಂದು ತುದಿ ಕೆಳಗೆ, ಥೇಟ್ ಅಜ್ಜಿ. ಅಷ್ಟರಲ್ಲಿ ಬಿಳಿ ಚಾಕ್‌ಪೀಸ್ ಮುಗಿಯಿತು. ಕೂದಲು ಬಾಕಿ ಇತ್ತು.

"ಬಾ, ಹಾಗೇ ನೀರೂ ತರೋಣ," ಎಂದಳು ಅಮ್ಮ. ಅಮ್ಮ ಬಸ್ ಕಂಡಕ್ಟರ್. ರಜಾ ದಿನದಲ್ಲೂ ಜನ ಗುಂಪುಗೂಡಿದ್ದು ಕಂಡರೆ ಅವಳಿಗೆ ಒಳಗೆ ಜಾಗ ಮಾಡಿಸಬೇಕು ಅನ್ನಿಸುತ್ತದೆ.

ಮೆಣಸು ಹೊರಡುವಾಗ ಅಪ್ಪನ ಕಡೆ ಬೆರಳು ತೋರಿಸಿ ಹೇಳಿದಳು. "ಯಾರೂ ತುಳಿಯದ ಹಾಗೆ ನೋಡ್ಕೋ. ನೀನೂ ಮುಟ್ಬೇಡ."

"ಹೋಗೇ, ಕಂಡಿದೀನಿ," ಎಂದ ಅಪ್ಪ.

ಚಾಕ್‌ಪೀಸ್ ಕೊಡುವ ಟೇಬಲ್ಲಿನ ಮುಂದೆ ಉದ್ದ ಕ್ಯೂ. ನೀರಿನ ನಲ್ಲಿಯ ಮುಂದೆ ಅದಕ್ಕಿಂತ ಉದ್ದ. ಬಾಟಲಿ ತುಂಬಿಸಿಕೊಂಡು ವಾಪಸ್ ಬಂದಾಗ ಅವಳ ಚೌಕದ ಸುತ್ತ ಜನ ಸೇರಿದ್ದರು.

"ಎಷ್ಟು ಲಕ್ಷಣವಾದ ಅಜ್ಜಿ," ಎನ್ನುತ್ತಿದ್ದರು ಯಾರೋ.

"ಬಾಯಿ ನೋಡಿ, ಎಷ್ಟು ಮುದ್ದಾಗಿದೆ," ಎಂದಳು ಹಳದಿ ಟೀಶರ್ಟಿನ ಅಕ್ಕ.

ಮೆಣಸು ಜನರ ಕೈಗಳ ಕೆಳಗಿನಿಂದ ನುಗ್ಗಿ ಮುಂದೆ ಬಂದಳು. ಕೂದಲಿಲ್ಲದ ಅಜ್ಜಿ ರಸ್ತೆಯಿಂದ ಮೇಲೆ ನೋಡುತ್ತಿದ್ದಳು. ಬಾಯಿ ನೆಟ್ಟಗಾಗಿತ್ತು. ಅಂಗಡಿ ಬೋರ್ಡಿನ ಕೆಳಗೆ ಎಳೆದ ಗೆರೆಯಷ್ಟು ನೆಟ್ಟಗೆ.

ಮೊದಲು ಅಳು ಬರುವಂತಾಯಿತು. ಅದನ್ನು ದಾಟಿಕೊಂಡು ಸಿಟ್ಟು ಬಂತು.

"ಯಾರು ಮುಟ್ಟಿದ್ದು?"

ಕೇಳುವ ಅಗತ್ಯವೇ ಇರಲಿಲ್ಲ. ಅಪ್ಪನ ಬೆರಳ ತುದಿಗಳೆಲ್ಲ ಗುಲಾಬಿ ಬಣ್ಣ. ಕೈ ಹಿಂದಕ್ಕೆ ಕಟ್ಟಿಕೊಂಡ, ಆದರೆ ತಡವಾಗಿತ್ತು.

"ಸ್ವಲ್ಪ ಸರಿ ಮಾಡ್ದೆ ಅಷ್ಟೇ. ಬೇರೆ ಏನೂ ಮುಟ್ಟಿಲ್ಲ."

"ಸರಿಯಾಗೇ ಇತ್ತು."

"ಅಜ್ಜಿ ಬಂದು ನೋಡಿದಾಗ ಖುಷಿಯಾಗ್ಲಿ ಅಂತ ಕಣೇ."

"ಇದು ಅಜ್ಜಿ ಅಲ್ಲ."

"ಇದೇ ಅಜ್ಜಿ," ಎಂದ ಅಪ್ಪ. ಅವನ ಕೈ ಅಂಗಿಯ ಜೇಬಿನ ಮೇಲೆ, ಫೋಟೋ ಇದ್ದ ಕಡೆ ಹೋಯಿತು. "ಇದೇ ನಮ್ಮಮ್ಮ."

ಸಿಟ್ಟಿನಲ್ಲಿ ಮೆಣಸಿಗೆ ಆ ಮಾತು ಅರ್ಧ ಕೇಳಿಸಿತು, ಅರ್ಧ ಕೇಳಿಸಲಿಲ್ಲ. ಅವಳು ಬಾಟಲಿಯ ಮುಚ್ಚಳ ತಿರುಗಿಸಿದಳು.

"ಏಯ್, ಬೇಡ," ಎಂದಳು ಹಳದಿ ಟೀಶರ್ಟಿನ ಅಕ್ಕ. "ಅಷ್ಟು ಚೆನ್ನಾಗಿದೆ, ಯಾಕೆ ಹಾಳು ಮಾಡ್ತೀಯ?"

"ಚೌಕ ನಂದು," ಎಂದು ಮೆಣಸು ಬಾಟಲಿ ಬಗ್ಗಿಸಿದಳು.

ನೀರು ಗಳಗಳ ಬಿತ್ತು. ಗುಲಾಬಿ ಬಣ್ಣ ಕರಗಿ ಗಲ್ಲದ ಮೇಲಿಂದ ಹರಿಯಿತು. ಅವಳು ಅಂಗೈಯಿಂದ ಉಜ್ಜಿದಳು. ಚರ್ಮ ಉರಿದರೂ ಬಿಡಲಿಲ್ಲ. ಬಾಯಿ ಇದ್ದ ಜಾಗದಲ್ಲಿ ಈಗ ಒದ್ದೆಯಾದ ಕಪ್ಪು ಟಾರು ಮಾತ್ರ ಉಳಿಯಿತು. ಪಕ್ಕದ ಕನ್ನಡಕದ ಹುಡುಗ ಬರೆಯುವುದನ್ನು ನಿಲ್ಲಿಸಿ ಅವಳನ್ನೇ ನೋಡಿದ. ಆಮೇಲೆ ಇನ್ನಷ್ಟು ಹಸಿರು ಬಳಿದ.

"ಒದ್ದೆ ನೆಲದ ಮೇಲೆ ಚಾಕ್‌ಪೀಸ್ ಹಿಡಿಯಲ್ಲ," ಎಂದ ಅಪ್ಪ ಸಣ್ಣ ದನಿಯಲ್ಲಿ.

"ಹಿಡಿಯದಿದ್ರೆ ಬೇಡ. ಸುಳ್ಳು ಬಾಯಿಗಿಂತ ಬಾಯಿ ಇಲ್ಲದೇ ಇರೋದೇ ವಾಸಿ."

ಅಪ್ಪ ಮಡಿಸಿದ ಕೊಡೆ ಹಿಡಿದುಕೊಂಡು ಚೌಕದ ಆಚೆ ಹೋಗಿ ನಿಂತ.

ಮೆಣಸು ಬಗ್ಗಿ ಫೂ ಫೂ ಅಂತ ನೆಲ ಊದುತ್ತಿರುವಾಗಲೇ ಅಮ್ಮನ ಕಂಡಕ್ಟರ್ ದನಿ ಕೇಳಿಸಿತು. "ದಾರಿ ಬಿಡಿ, ದಾರಿ ಬಿಡಿ. ಮುಂದೆ ನಡೀರಿ, ಮುಂದೆ ಬೇಕಾದಷ್ಟು ಜಾಗ ಇದೆ." ಜನ ಎರಡು ಪಾಲಾದರು. ಅಣ್ಣನ ತೋಳು ಹಿಡಿದು ಅಜ್ಜಿ ಬರುತ್ತಿದ್ದಳು.

ಅಣ್ಣನಿಗೆ ಹದಿನೈದು. ಮೀಸೆ ಚಿಗುರಿದ ಮೇಲೆ ಅವನು ಮನೆಯವರ ಜೊತೆ ಬೀದಿಯಲ್ಲಿ ಕಾಣಿಸಿಕೊಳ್ಳುವುದಿಲ್ಲ, ದೂರ ಹಿಂದೆ ನಡೆಯುತ್ತಾನೆ. ಇವತ್ತು ಮಾತ್ರ ಅಜ್ಜಿಗೆ ಅಂಟಿಕೊಂಡೇ ಬಂದಿದ್ದ. ಅಜ್ಜಿಯ ಇನ್ನೊಂದು ಕೈ ಬಾಯಿಯ ಮೇಲಿತ್ತು. ಕೈಯಲ್ಲಿ ಕರ್ಚೀಫು.

ಅಜ್ಜಿ ಚೌಕದ ಅಂಚಿಗೆ ಬಂದು ನಿಂತಳು. ಕೆಳಗೆ ನೋಡಿದಳು. ಎಲ್ಲರೂ ಅವಳನ್ನೇ ನೋಡಿದರು. ವಾಪಸ್ ಹೋಗಿಬಿಡುತ್ತಾಳೆ ಅಂದುಕೊಂಡಳು ಮೆಣಸು.

"ನನ್ನ ಬಾಯಿ ಎಲ್ಲಿ?" ಎಂದಳು ಅಜ್ಜಿ, ಕರ್ಚೀಫಿನ ಹಿಂದಿನಿಂದ.

"ಅಳಿಸ್ದೆ," ಎಂದಳು ಮೆಣಸು. "ತಪ್ಪಾಗಿತ್ತು." ಯಾರಿಂದ ಎಂದು ಹೇಳಬೇಕು ಅನ್ನಿಸಿತು. ಚೌಕದ ಆಚೆ ಅಪ್ಪ ತಲೆ ತಗ್ಗಿಸಿ ನಿಂತಿದ್ದ. ಹೇಳಲಿಲ್ಲ.

"ಬಾಯಿಲ್ಲದ ಅತ್ತೆ ಅಂದ್ರೆ ನಿಮ್ಮಮ್ಮಂಗೆ ಹಬ್ಬ," ಎಂದಳು ಅಜ್ಜಿ.

ಅಮ್ಮ ಮುಖ ಆಚೆ ತಿರುಗಿಸಿ ನಕ್ಕಳು. ಅಣ್ಣನೂ ನಕ್ಕ.

"ಬೇಗ ಬರಿ ಮತ್ತೆ. ಎಷ್ಟು ಹೊತ್ತು ನಿಲ್ಲಲಿ ನಾನು?"

"ನೆಲ ಒದ್ದೆ ಅಜ್ಜಿ. ಒರೆಸೋಕೆ ಏನೂ ಇಲ್ಲ."

ಅಜ್ಜಿ ನೆಲ ನೋಡಿದಳು, ಸುತ್ತ ನಿಂತ ಜನರನ್ನು ನೋಡಿದಳು. ಆಮೇಲೆ ಬಾಯಿಯಿಂದ ಕರ್ಚೀಫು ತೆಗೆದು ಮೊಮ್ಮಗಳ ಕಡೆ ಎಸೆದಳು. "ತಗೋ. ಒರೆಸು."

ಮೆಣಸು ಒರೆಸಿದಳು. ಬಿಳೀ ಕರ್ಚೀಫು ಗುಲಾಬಿಯೂ ಕಪ್ಪೂ ಆಗಿ, ಯಾವ ಬಾಯಿಗೂ ಹಿಡಿಯಲಾಗದಂತಾಯಿತು. ಅಮ್ಮ ಎಲ್ಲಿಂದಲೋ ಒಂದು ಸ್ಟೂಲು ತಂದು ಹಾಕಿದಳು. ಅಜ್ಜಿ ಕೂತು, ಎರಡೂ ಕೈ ಮಡಿಲಲ್ಲಿಟ್ಟುಕೊಂಡು ಮುಖ ಎತ್ತಿದಳು. ಸಂಜೆಯ ಬಿಸಿಲು ಎಡಗಡೆಯಿಂದ ಮುಖಕ್ಕೆ ಬೀಳುತ್ತಿತ್ತು. ಅವಳು ಕಣ್ಣು ಕಿರಿದು ಮಾಡಿದಳು.

"ಅಪ್ಪ, ಕೊಡೆ ಹಿಡಿ," ಎಂದಳು ಮೆಣಸು.

ಅಪ್ಪ ಬಂದು ಅಜ್ಜಿಯ ಬಲಗಡೆ ನಿಂತು ಕೊಡೆ ಬಿಚ್ಚಿದ.

"ಆ ಕಡೆ ಅಲ್ಲ. ಬಿಸಿಲು ಈ ಕಡೆಯಿಂದ ಬರ್ತಾ ಇದೆ. ಎಡಗಡೆ ಬಾ."

ಅಪ್ಪ ಅಲ್ಲಾಡಲಿಲ್ಲ. ಆಗ ಮೆಣಸಿಗೆ ಮನೆಯ ಊಟದ ಟೇಬಲ್ ನೆನಪಾಯಿತು. ಮೊದಲೆಲ್ಲ ಅಪ್ಪ ಕಿಟಕಿಯ ಕಡೆ ಕೂರುತ್ತಿದ್ದ. ಅಜ್ಜಿಗೆ ಕಾಯಿಲೆ ಆದ ಮೇಲೆ ಕುರ್ಚಿ ಬದಲಾಯಿಸಿದ. ಟಿವಿ ನೋಡುವಾಗಲೂ, ಮಾತ್ರೆ ಕೊಡುವಾಗಲೂ ಅವನು ಯಾವಾಗಲೂ ಅಜ್ಜಿಯ ಬಲಕ್ಕೇ. ಆ ಕಡೆಯಿಂದ ನೋಡಿದರೆ ಅಜ್ಜಿಯ ಬಾಯಿ ಫೋಟೋದಲ್ಲಿ ಇರುವ ಹಾಗೇ ಕಾಣುತ್ತದೆ.

'ಇದೇ ನಮ್ಮಮ್ಮ' ಎಂದ ಅಪ್ಪನ ಮಾತು ಅವಳಿಗೆ ಈಗ ಪೂರ್ತಿ ಕೇಳಿಸಿತು. ಅವನು ತಿದ್ದಲು ಹೊರಟದ್ದು ಅವಳ ಚಿತ್ರವನ್ನಲ್ಲ.

ಸಿಟ್ಟು ಎಲ್ಲ ಹೋಗಲಿಲ್ಲ. ಸ್ವಲ್ಪ ಇತ್ತು. ಆದರೂ ಅವಳು ಈ ಸಲ ಮೆಲ್ಲಗೆ ಕರೆದಳು. "ಬಾ ಅಪ್ಪ. ಅಜ್ಜಿ ಕಣ್ಣಿಗೆ ಬಿಸಿಲು."

ಅಪ್ಪ ಸ್ಟೂಲು ಸುತ್ತಿಕೊಂಡು ಎಡಗಡೆಗೆ ಬಂದ. ಕೊಡೆಯ ನೆರಳು ಅಜ್ಜಿಯ ಮೇಲೆ ಬಿತ್ತು. ಅಜ್ಜಿ ಕತ್ತು ತಿರುಗಿಸಿ ಮಗನನ್ನು ನೋಡಿದಳು.

"ಏನೋ ಹಾಗೆ ನೋಡ್ತೀಯ? ನಿಮ್ಮಮ್ಮನ್ನ ನೋಡಿಲ್ವಾ?" ಎಂದು ನಕ್ಕಳು. ನಗು ಒಂದೇ ಕಡೆಗೆ ಓಡಿತು.

ಅಪ್ಪನ ಇನ್ನೊಂದು ಕೈ ದಾರ ಇದ್ದ ಜೇಬಿನೊಳಗೆ ಹೋಗಿ, ಅಲ್ಲೇ ಉಳಿಯಿತು.

ಮೆಣಸು ಚಾಕ್‌ಪೀಸ್ ಎತ್ತಿಕೊಂಡು ಬರೆಯತೊಡಗಿದಳು. ಮೇಲಿನ ತುಟಿ, ಮೇಲಕ್ಕೆ ಹೋದ ತುದಿ, ಕೆಳಗೆ ಜಾರಿದ ತುದಿ. ದೂರದಲ್ಲಿ ಡ್ರಮ್ಮಿನ ಸದ್ದು ಕೇಳುತ್ತಿತ್ತು.

ಅಪ್ಪ ಗಂಟಲು ಸರಿ ಮಾಡಿಕೊಂಡ. ಮೆಣಸು ತಲೆ ಎತ್ತಿದಳು, ಜಗಳಕ್ಕೆ ತಯಾರಾಗಿಯೇ.

ಅಪ್ಪ ಅವಳನ್ನು ನೋಡುತ್ತಿರಲಿಲ್ಲ. ಅಜ್ಜಿಯ ಮುಖವನ್ನೇ ನೋಡುತ್ತಿದ್ದ. ಬೋರ್ಡು ಬರೆಯುವ ಮೊದಲು ಗೋಡೆಯನ್ನು ಅಳೆಯುವಾಗ ನೋಡುವ ಹಾಗೆ, ಒಂದು ಕಣ್ಣು ಮುಚ್ಚಿಕೊಂಡು.

"ಈ ಕಡೆ ತುದಿ," ಎಂದ. "ಇನ್ನೂ ಸ್ವಲ್ಪ ಕೆಳಗಿದೆ ಮರಿ."

ಮೆಣಸು ಅಜ್ಜಿಯನ್ನು ನೋಡಿದಳು. ಹೌದು, ಇತ್ತು. ಅವಳು ಗೆರೆಯನ್ನು ಇನ್ನೂ ಸ್ವಲ್ಪ ಕೆಳಕ್ಕೆ ಎಳೆದಳು. ಅವತ್ತು ಬೆಳಗ್ಗಿನಿಂದ ಅಪ್ಪ ಹೇಳಿದ್ದರಲ್ಲಿ ಎದುರು ಮಾತಾಡದೆ ಅವಳು ಕೇಳಿದ್ದು ಅದೊಂದೇ.